ರೊಟ್ಟಿ ಕೇಂದ್ರದ ನೆಲ ಒಣಗಿದೆಯೇ?



ಬಾದಾಮಿಗೆ ಬಂದವರು ಬನಶಂಕರಿ ಗುಡಿಯ ಬಳಿ ಬುಟ್ಟಿ ಇಟ್ಟುಕೊಂಡು ಕುಳಿತ ತಾಯಂದಿರಿಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕೊಂಡು ತಿನ್ನದೆ ಹೋಗುವುದು ಕಡಿಮೆ. ಆ ರೊಟ್ಟಿ ಬೆಳಿಗ್ಗೆ ಬಡಿದದ್ದು, ಮಧ್ಯಾಹ್ನ ಕಳೆಯುವುದರೊಳಗೆ ಬುಟ್ಟಿ ಖಾಲಿ. ಅದಕ್ಕೆ ಕೆಡಲು ಸಮಯವೇ ಸಿಗುವುದಿಲ್ಲ. ಆದರೆ ಈಗ ನಮ್ಮ ಬಾದಾಮಿ, ಹುನಗುಂದ, ಇಳಕಲ್ ಕಡೆಯ ಎಷ್ಟೋ ಹೆಣ್ಣುಮಕ್ಕಳು ಕಡಕ್ ರೊಟ್ಟಿ ಮಾಡಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ದೂರದ ಊರುಗಳಿಗೆ ಕಳಿಸುತ್ತಿದ್ದಾರೆ. ಬುಟ್ಟಿಯ ರೊಟ್ಟಿ ಬೇರೆ, ಚೀಲದ ರೊಟ್ಟಿ ಬೇರೆ. ಚೀಲದ್ದನ್ನು ಯಾರೋ, ಎಲ್ಲೋ, ಒಂದು ತಿಂಗಳಾದ ಮೇಲೆ, ನಿಮ್ಮ ಮುಖವನ್ನೇ ನೋಡದೆ ತಿನ್ನುತ್ತಾರೆ.

ನಮ್ಮ ಓಣಿಯಲ್ಲೂ ಅಂಥ ಒಂದು ರೊಟ್ಟಿ ಕೇಂದ್ರವಿದೆ. ಖಾಲಾ ಒಬ್ಬರು ಗಂಡ ತೀರಿಕೊಂಡ ಮೇಲೆ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಆರಂಭಿಸಿದರು. ಈಗ ನೆರೆಯ ಐದಾರು ಹೆಣ್ಣುಮಕ್ಕಳು ಜೊತೆಗಿದ್ದಾರೆ. ಒಂದು ಮಳೆಗಾಲದಲ್ಲಿ ಬೆಂಗಳೂರಿಗೆ ಹೋದ ಎರಡು ಪೆಟ್ಟಿಗೆ ರೊಟ್ಟಿ ತಿರುಗಿ ಬಂತು. ಬಿಚ್ಚಿ ನೋಡಿದರೆ ರೊಟ್ಟಿಯ ಅಂಚಿಗೆಲ್ಲ ಹಸಿರು ಬೂಷ್ಟು. ಅಂಗಡಿಯವರು ಹಣವನ್ನೂ ಹಿಡಿದಿಟ್ಟರು. ಆ ತಿಂಗಳ ಮಕ್ಕಳ ಶಾಲೆಯ ಫೀಜು ಆ ಪೆಟ್ಟಿಗೆಗಳಲ್ಲೇ ಇತ್ತು.

"ಟೀಚರ್, ನಾವು ದಿನಾ ರಾತ್ರಿ ಬಕೀಟಗಟ್ಟಲೆ ನೀರು ಹಾಕಿ ತೊಳೀತೀವ್ರಿ. ನಮ್ಮಷ್ಟು ಸ್ವಚ್ಛ ಯಾರ್ ಇಟ್ಟಾರ್ರೀ? ಮತ್ತ ಬೂಷ್ಟು ಹ್ಯಾಂಗ ಬಂತು?" ಎಂದು ಅಲ್ಲಿ ಕೆಲಸ ಮಾಡುವ ಒಬ್ಬಾಕೆ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಬಿ.ಎ. ಓದಿದ ಟೀಚರಿಗೆ ಎಲ್ಲವೂ ಗೊತ್ತಿರಬೇಕೆಂಬುದು ನಮ್ಮ ಓಣಿಯ ನಂಬಿಕೆ!

ನಿಜವಾಗಿ ಉತ್ತರ ಆಕೆಯ ಪ್ರಶ್ನೆಯಲ್ಲೇ ಇತ್ತು. ಮನೆಯ ಹೆಂಗಸರಾದ ನಮಗೆ ಸ್ವಚ್ಛತೆ ಎಂದರೆ ನೀರು. ಆದರೆ ರೊಟ್ಟಿ, ಹಿಟ್ಟು, ಹಿಂಡಿ, ಖಾರದ ಪುಡಿಯಂಥ ಒಣ ಪದಾರ್ಥ ಮಾಡುವ ಜಾಗದಲ್ಲಿ ನೀರೇ ವೈರಿ. ಒಣಗಿದ ಹಿಟ್ಟಿನಲ್ಲಿ ಬೂಷ್ಟಿನ ಕಣವಾಗಲಿ ಕ್ರಿಮಿಯಾಗಲಿ ಇದ್ದರೂ ಬೆಳೆಯಲಾರದೆ ಸುಮ್ಮನೆ ಬಿದ್ದಿರುತ್ತದೆ. ಅದಕ್ಕೆ ತೇವ ಸಿಕ್ಕಿತೋ, ಜೀವ ಬಂದಂತೆ. ಖಾಲಾ ಅವರ ಕೋಣೆಯಲ್ಲಿ ರಾತ್ರಿ ನೀರು ಸುರಿದು ತೊಳೆದು ಬಾಗಿಲು ಹಾಕುತ್ತಿದ್ದರು. ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲಿಗೆ ಅದು ಗಳಿಗೆಯಲ್ಲಿ ಒಣಗುತ್ತಿತ್ತು. ಮಳೆಗಾಲದಲ್ಲಿ ಬೆಳಗಿನವರೆಗೂ ಹಸಿ. ಕಟ್ಟಿಗೆಯ ಹಲಗೆಯ ಬಿರುಕಿನಲ್ಲಿ ಹಿಟ್ಟು ಕೂತು, ತೇವ ಹಿಡಿದು, ಅಲ್ಲೇ ಬೂಷ್ಟಿನ ತವರುಮನೆಯಾಗಿತ್ತು. ಅದರ ಮೇಲೆ ಲಾರಿ ಹೊರಡುವ ಅವಸರಕ್ಕೆ ರೊಟ್ಟಿಯನ್ನು ಬಿಸಿಯಿರುವಾಗಲೇ ಚೀಲಕ್ಕೆ ಹಾಕಿ ಬಾಯಿ ಮುಚ್ಚಿದ್ದರು. ಬಿಸಿ ರೊಟ್ಟಿಯ ಹಬೆ ಚೀಲದೊಳಗೇ ನೀರಾಗಿ ಇಳಿಯುತ್ತದೆ.

ಹಾಗಾದರೆ ಸ್ವಚ್ಛ ಮಾಡುವುದು ಹೇಗೆ? ಒಣ ಜಾಗವನ್ನು ಒಣದಾಗಿಯೇ ಸ್ವಚ್ಛಗೊಳಿಸಬೇಕು. ಯಂತ್ರವಿದ್ದರೆ ಮೊದಲು ಕರೆಂಟ್ ತೆಗೆಯಿರಿ. ಅಂಟಿದ ಹಿಟ್ಟನ್ನು ಕೆರೆದು, ಬ್ರಷ್‌ನಿಂದ ಮೂಲೆಮೂಲೆ ಉಜ್ಜಿ, ಮೇಲಿನಿಂದ ಕೆಳಕ್ಕೆ ಬರುತ್ತಾ ಕೊನೆಗೆ ನೆಲ ಗುಡಿಸಿ. ನೆಲದ ಪೊರಕೆ ಮೇಜಿನ ಮೇಲೆ ಬರಲೇಬಾರದು. ಬೇರೆ ಬಣ್ಣದ ಬ್ರಷ್ ಇಟ್ಟುಕೊಂಡರೆ ಈ ತಪ್ಪು ಆಗುವುದಿಲ್ಲ. ಬಿರುಕು ಬಿಟ್ಟ ಕಟ್ಟಿಗೆಯ ಹಲಗೆಗೆ ಬದಲಾಗಿ ಸ್ಟೀಲಿನ ತಗಡು ಹಾಕಿಸಿ.

ಹಿಟ್ಟು ಕಲಸುವ ಪರಾತ, ಮಿಕ್ಸರಿನ ಭಾಂಡಿ, ಚಮಚಗಳನ್ನು ಮಾತ್ರ ನೀರಿನಲ್ಲೇ ತೊಳೆಯಬೇಕು, ಅದೂ ಬೇರೆ ಜಾಗದಲ್ಲಿ. ಇಲ್ಲಿ ಒಂದು ವಿಷಯವನ್ನು ಅನೇಕರು ತಪ್ಪು ತಿಳಿಯುತ್ತಾರೆ. ಜಿಡ್ಡಿನ ಪಾತ್ರೆಯನ್ನು ನೇರವಾಗಿ ಬ್ಲೀಚಿಂಗ್ ನೀರಿಗೆ ಹಾಕಿ ಕ್ರಿಮಿ ಸತ್ತವು ಎಂದುಕೊಳ್ಳುತ್ತಾರೆ. ಪಾತ್ರೆಯಲ್ಲಿ ಹಿಟ್ಟು, ಎಣ್ಣೆ ಉಳಿದಿದ್ದರೆ ಕ್ಲೋರಿನ್ ಆ ಕೊಳೆಯ ಮೇಲೆಯೇ ಖರ್ಚಾಗಿ ಹೋಗುತ್ತದೆ. ಮೊದಲು ಕೆರೆದು, ಸೋಪಿನ ನೀರಿನಲ್ಲಿ ಉಜ್ಜಿ, ಶುದ್ಧ ನೀರಿನಲ್ಲಿ ತೊಳೆದು, ಆಮೇಲೆ ಕ್ಲೋರಿನ್. 10 ಲೀಟರ್ ನೀರಿಗೆ ಹೊಸ ಬ್ಲೀಚಿಂಗ್ ಪುಡಿ 6 ಗ್ರಾಂ ಸಾಕು. ತೂಕ ಮಾಡಿಯೇ ಹಾಕಿ. ಕಲಕಿ, ಮೇಲಿನ ತಿಳಿ ನೀರನ್ನು ಬಸಿದುಕೊಂಡು, ಪಾತ್ರೆಯನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಇನ್ನೂ ಹೆಚ್ಚು ಹಾಕಿದರೆ ಇನ್ನೂ ಒಳ್ಳೆಯದು ಎಂದೇನೂ ಇಲ್ಲ. ವಾಸನೆ ಉಳಿಯುತ್ತದೆ, ಸ್ಟೀಲಿಗೂ ತುಕ್ಕು ಹಿಡಿಯುತ್ತದೆ. ಪಾಯಿಖಾನೆ ತೊಳೆಯುವ ಆಸಿಡ್ಡನ್ನು ಬ್ಲೀಚಿಂಗ್ ಜೊತೆ ಎಂದಿಗೂ ಬೆರೆಸಬೇಡಿ, ಹೊರಡುವ ಗಾಳಿ ವಿಷ. ಅದ್ದಿದ ಪಾತ್ರೆಯನ್ನು ಮಗುಚಿ ಒಣಗಲು ಬಿಡಿ. ಹೆಗಲ ಮೇಲಿನ ಟವೆಲಿನಿಂದ ಒರೆಸಿದರೆ ಇಷ್ಟು ಹೊತ್ತು ಪಟ್ಟ ಶ್ರಮವೆಲ್ಲ ವ್ಯರ್ಥ.

ಕೈಯ ಮಾತು ಬಂದಾಗ ಖಾಲಾ ನಕ್ಕರು. ದಿನಕ್ಕೆ ಐದು ಸಲ ವುಝೂ ಮಾಡುವವರಿಗೆ ಕೈ ತೊಳೆಯುವುದನ್ನು ಕಲಿಸುತ್ತೀಯಾ ಎಂದರು. ವುಝೂ ಇಬಾದತ್ತಿನ ಸಿದ್ಧತೆ. ಶೌಚಕ್ಕೆ ಹೋಗಿ ಬಂದ ಮೇಲೆ, ಮಗುವಿನ ಮೂಗು ಒರೆಸಿದ ಮೇಲೆ, ನೋಟು ಎಣಿಸಿದ ಮೇಲೆ ರೊಟ್ಟಿ ಮುಟ್ಟುವ ಕೈಗೆ ಸೋಪು ಬೇಕು, 20 ಸೆಕೆಂಡ್ ಉಜ್ಜಬೇಕು. ನಾವು ಎಡವುವುದು ತೊಳೆದ ನಂತರ. ಒದ್ದೆ ಕೈಯನ್ನು ದುಪಟ್ಟಾದ ಸೆರಗಿಗೆ ಒರೆಸುವ ಅಭ್ಯಾಸ ನನ್ನದೂ ಹೌದು. ಬಳೆ, ಉಂಗುರ ತೆಗೆದಿಡಿ. ಬೆರಳಿಗೆ ಗಾಯವಾದವರು, ಭೇದಿಯಾದವರು ಗುಣವಾಗುವ ತನಕ ಹಿಟ್ಟು ಮುಟ್ಟಬಾರದು. ಆ ದಿನಗಳ ಕೂಲಿ ಕತ್ತರಿಸಿದರೆ ಯಾರೂ ನಿಜ ಹೇಳುವುದಿಲ್ಲ ಎಂಬುದನ್ನೂ ನಡೆಸುವವರು ನೆನಪಿಡಬೇಕು.

ಇಷ್ಟೆಲ್ಲ ಏಕೆ, ಬೂಷ್ಟು ಕೊಡವಿ ತಿಂದರಾಯಿತು ಎನ್ನುವ ಹಿರಿಯರಿದ್ದಾರೆ. 1995ರಲ್ಲಿ ದಕ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳ ಮತ್ತು ಮೆಕ್ಕೆಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಶುರುವಾಯಿತು. ಕಾರಣ ಬೂಷ್ಟು ಉಂಟುಮಾಡಿದ ಫ್ಯುಮೋನಿಸಿನ್ ಎಂಬ ವಿಷ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟಿನ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅಲ್ಲಿದ್ದದ್ದು ಅಫ್ಲಾಟಾಕ್ಸಿನ್. ನಮ್ಮ ಶೇಂಗಾಕ್ಕೂ ಅದೇ ಬೂಷ್ಟು ಹತ್ತುತ್ತದೆ. ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಹಿಂಡಿ ಕುಟ್ಟುವ ಮೊದಲು ಸುಕ್ಕಿದ, ಬಣ್ಣಗೆಟ್ಟ ಕಾಳುಗಳನ್ನು ಕೈಯಿಂದ ಆರಿಸಿ ಎಸೆಯಿರಿ. ದನಕ್ಕೂ ಹಾಕಬೇಡಿ, ವಿಷ ಹಾಲಿಗೆ ಬರುತ್ತದೆ.

ಶೇಂಗಾದ ಇನ್ನೊಂದು ಕಥೆ ಅಮೆರಿಕದ್ದು. 2008-09ರಲ್ಲಿ ಪೀನಟ್ ಕಾರ್ಪೊರೇಷನ್ ಆಫ್ ಅಮೆರಿಕ ಎಂಬ ಕಂಪನಿಯ ಶೇಂಗಾ ಪದಾರ್ಥಗಳಿಂದ ಸಾಲ್ಮೊನೆಲ್ಲಾ ಹರಡಿ 714 ಮಂದಿ ಕಾಯಿಲೆ ಬಿದ್ದದ್ದು ದಾಖಲಾಯಿತು, 9 ಮಂದಿ ಸತ್ತರು. ಅಲ್ಲಿ ಚಾವಣಿಯಲ್ಲಿ ಸೋರಿಕೆಯಿತ್ತು. ಹಸಿ ಶೇಂಗಾ ಮತ್ತು ಹುರಿದದ್ದನ್ನು ಹತ್ತಿರ ಹತ್ತಿರವೇ ಇಡುತ್ತಿದ್ದರು. ಹುರಿದಾಗ ಸತ್ತ ಕ್ರಿಮಿ ಹುರಿದ ಮೇಲೆ ಮತ್ತೆ ಸೇರಿದರೆ ತೆಗೆಯುವವರಾರು? ಕೆಟ್ಟದ್ದೆಂದು ತಿಳಿದೂ ಮಾರಿದ ಮಾಲೀಕ ಸ್ಟುವರ್ಟ್ ಪಾರ್ನೆಲ್‌ಗೆ 2015ರಲ್ಲಿ 28 ವರ್ಷ ಜೈಲು ಶಿಕ್ಷೆಯಾಯಿತು. ನಮ್ಮ ಕೋಣೆ ಚಿಕ್ಕದಾದರೂ ಹಸಿ ಕಾಳಿನ ಚೀಲ ಒಂದು ಗೋಡೆಗೆ, ಹುರಿದದ್ದು ಎದುರಿನ ಗೋಡೆಗೆ ಇಡಬಹುದಲ್ಲವೇ? ಚೀಲಗಳನ್ನು ನೆಲದ ಮೇಲಿಡದೆ ಮಣೆಯ ಮೇಲೆ, ಗೋಡೆಯಿಂದ ಒಂದಿಷ್ಟು ದೂರ ಇಟ್ಟರೆ ಇಲಿಯ ಹಿಕ್ಕೆ ಕಣ್ಣಿಗೆ ಬೀಳುತ್ತದೆ, ಗುಡಿಸಲೂ ಆಗುತ್ತದೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಮನೆಯಲ್ಲೇ ಮಾಡಿ ಮಾರುವವರೂ ನೋಂದಣಿ ಮಾಡಿಸಬೇಕು. 2011ರ ನಿಯಮಾವಳಿಯ ನಾಲ್ಕನೇ ಅನುಸೂಚಿಯಲ್ಲಿ ಜಾಗ, ನೀರು, ಕೆಲಸಗಾರರ ಶುಚಿತ್ವದ ನಿಯಮಗಳಿವೆ. ನೋಂದಣಿಯ 14 ಅಂಕಿಗಳ ಸಂಖ್ಯೆ ಚೀಲದ ಮೇಲಿರಬೇಕು, ತಯಾರಿಸಿದ ದಿನಾಂಕವೂ ಬೇಕು. ದಿನಾಂಕ ಬರೆದಿದ್ದರಿಂದಲೇ ಖಾಲಾ ಅವರಿಗೆ ಆ ಎರಡು ಪೆಟ್ಟಿಗೆ ಯಾವ ದಿನದವು, ಬೇರೆ ಯಾರಿಗೆ ಹೋಗಿವೆ ಎಂದು ಗೊತ್ತಾಗಿ ಫೋನ್ ಮಾಡಿ ನಿಲ್ಲಿಸಲು ಸಾಧ್ಯವಾಯಿತು.

ಈಗ ಅಲ್ಲಿ ಗೋಡೆಗೆ ಒಂದು ಹಳೆಯ ಕ್ಯಾಲೆಂಡರ್ ತೂಗುತ್ತಿದೆ. ರಾತ್ರಿ ಗುಡಿಸಿದವರು ಆ ದಿನದ ಚೌಕದಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಬರೆಯುತ್ತಾರೆ. ರೊಟ್ಟಿ ಜಾಳಿಗೆಯ ಮೇಲೆ ಫ್ಯಾನಿನ ಕೆಳಗೆ ಪೂರ್ತಿ ಆರಿದ ಮೇಲೆಯೇ ಚೀಲಕ್ಕೆ. ಹೋದ ವಾರ ನಾನು ಚಪ್ಪಲಿ ಹಾಕಿಕೊಂಡೇ ಒಳಗೆ ಕಾಲಿಟ್ಟೆ. "ಟೀಚರ್, ಹೊರಗ ಬಿಟ್ಟು ಬರ್ರೀ" ಎಂದು ಅಂದು ತರಾಟೆಗೆ ತೆಗೆದುಕೊಂಡವಳೇ ಬಾಗಿಲಲ್ಲಿ ನಿಲ್ಲಿಸಿದಳು.