ಹನಿ ವೆಸ್ಟ್ ಸೋತದ್ದು ಹೆಣ್ಣಾದ ಕಾರಣಕ್ಕಲ್ಲ

ಧಾರಾವಾಹಿಯೊಂದು ಒಂದೇ ವರ್ಷಕ್ಕೆ ನಿಂತುಹೋದರೆ ಜನ ಅದನ್ನು ಒಪ್ಪಲಿಲ್ಲ ಎಂದು ಷರಾ ಬರೆದುಬಿಡುವುದು ಸುಲಭ. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1965ರ ಸೆಪ್ಟೆಂಬರಿನಲ್ಲಿ ಶುರುವಾಗಿ, ಅರ್ಧ ಗಂಟೆಯ 30 ಕಂತುಗಳಿಗೇ ಮುಗಿದ ‘ಹನಿ ವೆಸ್ಟ್’ ವಿಷಯದಲ್ಲೂ ಹಾಗೆ ಅನ್ನಿಸುವುದು ಸಹಜ: ಹೆಣ್ಣೊಬ್ಬಳು ಖಾಸಗಿ ಪತ್ತೇದಾರಳಾಗಿ ಗಂಡಸರನ್ನು ನೆಲಕ್ಕೆ ಕೆಡವುವುದನ್ನು ಆ ಕಾಲ ಸಹಿಸಲಿಲ್ಲವೇನೋ. ಆದರೆ ನಾಯಕಿ ಆ್ಯನ್ ಫ್ರಾನ್ಸಿಸ್‌ಗೆ ಈ ಪಾತ್ರಕ್ಕಾಗಿ ಗೋಲ್ಡನ್ ಗ್ಲೋಬ್ ಬಂತು, ಎಮ್ಮಿಗೆ ನಾಮನಿರ್ದೇಶನವೂ ಆಯಿತು. ಫಿಕ್ಲಿಂಗ್ ದಂಪತಿ ಬರೆದ ಹನಿ ವೆಸ್ಟ್ ಕಾದಂಬರಿಗಳು 1957ರಿಂದಲೇ ಓದುಗರ ಕೈಯಲ್ಲಿದ್ದವು. ಹೆಣ್ಣು ಪತ್ತೇದಾರಳೆಂದರೆ ಮುಖ ತಿರುಗಿಸುವ ಸಮಾಜದಲ್ಲಿ ಇಷ್ಟು ದೂರದ ಹಾದಿ ಸವೆಯುತ್ತಿರಲಿಲ್ಲ.

ಹಾಗಾದರೆ ನಿಂತದ್ದೇಕೆ? ಶುಕ್ರವಾರ ರಾತ್ರಿ 9 ಗಂಟೆಗೆ, ಅದೇ ಹೊತ್ತಿಗೆ, ಎದುರಾಳಿ ವಾಹಿನಿ ಸಿಬಿಎಸ್‌ನಲ್ಲಿ ‘ಗೋಮರ್ ಪೈಲ್’ ಬರುತ್ತಿತ್ತು. ಆ ವರ್ಷ ಅತಿ ಹೆಚ್ಚು ಜನ ನೋಡಿದ ಕಾರ್ಯಕ್ರಮಗಳಲ್ಲಿ ಅದೂ ಒಂದು. ಅದರ ಎದುರು ಯಾವ ಗಂಡು ಪತ್ತೇದಾರನಿಗೂ ಉಸಿರಾಡುವುದು ಕಷ್ಟವಿತ್ತು. ಜೊತೆಗೆ ಹನಿ ವೆಸ್ಟ್ ಕಪ್ಪು-ಬಿಳುಪಿನದು. 1966ರ ಶರತ್ಕಾಲದ ಹೊತ್ತಿಗೆ ಅಮೆರಿಕದ ಮೂರೂ ದೊಡ್ಡ ವಾಹಿನಿಗಳ ರಾತ್ರಿಯ ಕಾರ್ಯಕ್ರಮಗಳು ಬಣ್ಣಕ್ಕೆ ತಿರುಗಿದವು. ಮುಂದುವರಿಸಬೇಕೆಂದರೆ ಖರ್ಚು ಏರುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಸಾಕ್ಷಿ 1966ರ ಮಾರ್ಚಿನದು. ಹನಿಯ ಕೊನೆಯ ಕಂತುಗಳು ಪ್ರಸಾರವಾಗುತ್ತಿದ್ದಾಗಲೇ ಎಬಿಸಿ ಬ್ರಿಟನ್ನಿನ ‘ದಿ ಅವೆಂಜರ್ಸ್’ ಧಾರಾವಾಹಿಯನ್ನು ತೋರಿಸತೊಡಗಿತು. ಅಲ್ಲಿ ಹೊಡೆದಾಡುವ ಎಮ್ಮಾ ಪೀಲ್ ಕೂಡ ಹೆಣ್ಣೇ! ವಾಹಿನಿಗೆ ಬೇಡವಾದದ್ದು ಹೆಣ್ಣಾಗಿದ್ದರೆ ಸಮುದ್ರದಾಚೆಯಿಂದ ಇನ್ನೊಬ್ಬಳನ್ನು ಕರೆಸುತ್ತಿರಲಿಲ್ಲ. ಸ್ವಂತ ಖರ್ಚಿನಲ್ಲಿ ತಯಾರಿಸುವುದಕ್ಕಿಂತ ಸಿದ್ಧ ಸರಕನ್ನು ಕೊಂಡು ತರುವುದು ಅಗ್ಗ ಎಂಬ ಲೆಕ್ಕಾಚಾರವೇ ಹನಿಗೆ ಮುಳುವಾಯಿತು ಎಂಬ ಮಾತು ಬಹುಕಾಲದಿಂದ ಇದೆ. ನನಗೆ ಅದು ನಂಬತಕ್ಕದ್ದಾಗಿ ಕಾಣುತ್ತದೆ.

ಆದರೆ ಧಾರಾವಾಹಿಯೇ ತನ್ನ ನಾಯಕಿಯನ್ನು ಪೂರ್ತಿ ನಂಬಿತ್ತೇ ಎಂದು ಕೇಳಬಹುದು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಜಾನ್ ಎರಿಕ್‌ಸನ್ ಅಭಿನಯಿಸಿದ ಜೊತೆಗಾರ ಸ್ಯಾಮ್ ಬೋಲ್ಟ್ ಹನಿಯ ಬೆನ್ನಿಗಿರುತ್ತಾನೆ, ಗದರುತ್ತಾನೆ, ಕೆಲವೊಮ್ಮೆ ಕಾಪಾಡಲು ಧಾವಿಸುತ್ತಾನೆ. ಲಿಪ್‌ಸ್ಟಿಕ್ಕಿನೊಳಗೆ ಅಡಗಿಸಿದ ರೇಡಿಯೊ, ಬ್ರೂಸ್ ಎಂಬ ಸಾಕು ಓಸಲಾಟ್ (ಚುಕ್ಕೆಯ ಕಾಡುಬೆಕ್ಕು), ಉಡುಪಿನ ಬೆಡಗು ಇವೆಲ್ಲ ಜೇಮ್ಸ್ ಬಾಂಡ್ ಗುಂಗಿನ ಕಾಲದ ಅಲಂಕಾರ. ಕೆಲವು ಕಥೆಗಳು ಅರ್ಧ ಗಂಟೆಯೊಳಗೆ ಮುಗಿಯುವ ಅವಸರದಲ್ಲಿ ತೀರಾ ತೆಳುವಾಗಿವೆ. ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಸಂಗತಿ ಅಲುಗುವುದಿಲ್ಲ: ಪತ್ತೇದಾರಿ ಸಂಸ್ಥೆ ಹನಿಯದು. ಅಪ್ಪನಿಂದ ಬಂದದ್ದನ್ನು ಅವಳೇ ನಡೆಸುತ್ತಾಳೆ. ಯಾವ ಪ್ರಕರಣ ಕೈಗೆತ್ತಿಕೊಳ್ಳಬೇಕು, ಎಲ್ಲಿಗೆ ನುಗ್ಗಬೇಕು ಎಂಬ ತೀರ್ಮಾನ ಅವಳದು. ಸ್ಯಾಮ್ ಗದರಿದರೂ ಅವಳು ಹೊರಟೇಬಿಡುತ್ತಾಳೆ.

ಇದರ ತೂಕ ತಿಳಿಯಬೇಕಾದರೆ 1976ರ ‘ಚಾರ್ಲೀಸ್ ಏಂಜಲ್ಸ್’ ನೋಡಬೇಕು. ಹನಿಯ ಹಿಂದಿದ್ದ ನಿರ್ಮಾಪಕ ಆ್ಯರನ್ ಸ್ಪೆಲಿಂಗ್ ಅದರ ಹಿಂದೆಯೂ ಇದ್ದರು, ವಾಹಿನಿಯೂ ಅದೇ ಎಬಿಸಿ. ಅಲ್ಲಿ ಪತ್ತೇದಾರಿಣಿಯರು ಮೂವರು, ಆದರೆ ಸಂಸ್ಥೆಯ ಒಡೆಯ ಮುಖವನ್ನೇ ತೋರಿಸದ ಗಂಡಸು. ಫೋನಿನ ಧ್ವನಿವರ್ಧಕದಿಂದ ಅಪ್ಪಣೆ ಬರುತ್ತದೆ, ಅವರು ಹೊರಡುತ್ತಾರೆ. ಹನ್ನೊಂದು ವರ್ಷ ಮೊದಲೇ, ಕಪ್ಪು-ಬಿಳುಪಿನ ಪುಟ್ಟ ಕಂತುಗಳಲ್ಲಿ, ಹನಿ ಯಾರ ಫೋನಿಗೂ ಕಾಯದೆ ತನ್ನ ಕೆಲಸಕ್ಕೆ ತಾನೇ ಒಡತಿಯಾಗಿದ್ದಳು.