ಹಾಲೆಂಡಿನಲ್ಲಿ ಬೈಸಿಕಲ್ ಸಂಚಾರ

ಪರದೇಶದಲ್ಲಿ ವಾಸಮಾಡುವವರಿಗೆ ಅನ್ನಪಾನಗಳ ತರುವಾಯ ಎದುರಾಗುವ ಚಿಂತೆಯೆಂದರೆ ನಿತ್ಯಸಂಚಾರದ್ದು. ಕಳೆದ ವರ್ಷ ಹಾಲೆಂಡ್ ದೇಶದ ಉಟ್ರೆಕ್ಟ್ ನಗರದಲ್ಲಿ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದಾಗ ನಾನು ಇದನ್ನು ಚೆನ್ನಾಗಿ ಅರಿತೆನು. ಅಲ್ಲಿ ರೈಲು, ಬಸ್ಸು, ಟ್ರಾಮುಗಳಿಗೆ ಕೊರತೆಯಿಲ್ಲ. ಹತ್ತುವಾಗಲೊಮ್ಮೆ, ಇಳಿಯುವಾಗಲೊಮ್ಮೆ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿದರೆ ದೂರಕ್ಕೆ ತಕ್ಕ ಹಣ ಸಲ್ಲುತ್ತದೆ. ಇಳಿಯುವಾಗ ಮರೆತವನು ಹೆಚ್ಚು ತೆರಬೇಕು. ನಾನೂ ಎರಡು ಸಲ ತೆತ್ತೆನು.

ಆದರೆ ಆ ನಾಡಿನ ಮನೆಮನೆಯ ವಾಹನವೆಂದರೆ ಬೈಸಿಕಲ್ಲೇ. ಜನರಿಗಿಂತ ಬೈಸಿಕಲ್ಲುಗಳ ಸಂಖ್ಯೆ ಅಧಿಕ. ಉಟ್ರೆಕ್ಟಿನ ರೈಲುನಿಲ್ದಾಣಕ್ಕೆ ಹೊಂದಿಕೊಂಡು 2019ರಲ್ಲಿ ಪೂರ್ಣಗೊಂಡ ತಂಗುದಾಣವೊಂದರಲ್ಲೇ 12,500 ಬೈಸಿಕಲ್ಲುಗಳಿಗೆ ಸ್ಥಳವುಂಟು.

ಹನ್ನೊಂದು ವರ್ಷದ ಮೊಮ್ಮಗಳು ಬೈಸಿಕಲ್ಲೇರಿ ಒಬ್ಬಳೇ ಶಾಲೆಗೆ ಹೊರಟುದನ್ನು ಕಂಡು ನನ್ನ ಎದೆ ನಡುಗಿತು. ಅದಕ್ಕೆ ಕಾರಣವಿತ್ತು. ನಾನು ಉಪಾಧ್ಯಾಯನಾಗಿದ್ದಾಗ ನನ್ನ ತರಗತಿಯ ಹುಡುಗನೊಬ್ಬನು ಬೈಸಿಕಲ್ಲಿನಲ್ಲಿ ಶಾಲೆಗೆ ಬರುತ್ತ ಲಾರಿಗೆ ಸಿಕ್ಕಿ ತೀರಿಕೊಂಡನು. ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಹೊಡೆದುಹಾಕಿದ ಕೈ ನನ್ನದು.

"ಅಪ್ಪ, ನೀವೂ ಅವಳ ಜೊತೆ ಒಮ್ಮೆ ಹೋಗಿ ಬನ್ನಿ" ಎಂದಳು ಮಗಳು. ಮರುದಿನ ಹೊರಟೆನು. ಅಭ್ಯಾಸಬಲದಿಂದ ಎಡಕ್ಕೆ ತಿರುಗಿದೊಡನೆ, "ತಾತ, ಬಲಗಡೆ!" ಎಂದು ಮೊಮ್ಮಗಳು ಎಚ್ಚರಿಸಿದಳು. ದಾರಿಯುದ್ದಕ್ಕೂ ಬೈಸಿಕಲ್ಲುಗಳಿಗೆ ಕೆಂಪು ಹಾಸಿನ ಪ್ರತ್ಯೇಕ ಪಥ. ಮೋಟಾರುಗಳ ಹಾದಿ ಬೇರೆ. ತಿರುಗುವ ಮೊದಲು ಕೈಚಾಚಿ ಸೂಚಿಸುವುದು ನಿಯಮ. ಪ್ರಾಥಮಿಕ ಶಾಲೆಯ ಕೊನೆಯ ವರ್ಷಗಳಲ್ಲಿ ಮಕ್ಕಳಿಗೆ ಸಂಚಾರನಿಯಮಗಳ ಲಿಖಿತ ಪರೀಕ್ಷೆಯೂ, ಬೀದಿಯಲ್ಲಿ ಬೈಸಿಕಲ್ ನಡೆಸುವ ಪರೀಕ್ಷೆಯೂ ಉಂಟು!

ಈ ಸುವ್ಯವಸ್ಥೆ ಅನಾದಿಯಾದುದೆಂದು ವಾಚಕರು ತಿಳಿಯಬಾರದು. ಮೋಟಾರುಗಳು ಹೆಚ್ಚಿದ ಕಾಲದಲ್ಲಿ, 1971ನೆಯ ಇಸವಿಯೊಂದರಲ್ಲೇ, ಅಲ್ಲಿಯ ರಸ್ತೆಗಳಲ್ಲಿ 3,000ಕ್ಕೂ ಮಿಕ್ಕು ಜನರು ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಮರುವರ್ಷ ತಂದೆತಾಯಿಗಳು "ಶಿಶುಹತ್ಯೆಯನ್ನು ನಿಲ್ಲಿಸಿ" ಎಂಬ ಅರ್ಥದ ಹೆಸರಿನಿಂದಲೇ ಚಳವಳಿ ಹೂಡಿ ಬೀದಿಗಿಳಿದರು. 1973ರಲ್ಲಿ ತೈಲದ ಅಭಾವ ತಲೆದೋರಿ ಕೆಲವು ಭಾನುವಾರಗಳಂದು ಮೋಟಾರುಗಳು ನಿಷಿದ್ಧವಾದಾಗ, ಬೀದಿ ಹೇಗಿರಬಹುದೆಂಬುದು ಎಲ್ಲರಿಗೂ ಗೋಚರವಾಯಿತು. ಕ್ರಮೇಣ ಸರ್ಕಾರವೂ ನಗರಸಭೆಗಳೂ ಪಥಗಳನ್ನು ನಿರ್ಮಿಸಿದವು.

ನಾನು ಊರಿಗೆ ಮರಳಿದ ಮೇಲೆ, ನಮ್ಮ ಶಾಲೆಯ ಮುಂದಣ ರಸ್ತೆಯಲ್ಲಿ ಮಕ್ಕಳಿಗೆ ಬೇರೆ ಹಾದಿ ಬೇಕೆಂದು ಪಂಚಾಯತಿಗೆ ಅರ್ಜಿ ಬರೆದೆನು. ಉತ್ತರ ಇನ್ನೂ ಬಂದಿಲ್ಲ. ಅರ್ಜಿಯಲ್ಲಿ ಮೊದಲನೆಯ ಸಹಿ ಆ ಹುಡುಗನ ತಾಯಿಯದು, ಎರಡನೆಯದು ನನ್ನದು.