ಒಂದೇ ಕೆಲಸಕ್ಕೆ ಎರಡು ಕೂಲಿ: ಕಾನೂನು ಏನನ್ನುತ್ತದೆ?

ಯಾದಗಿರಿ: ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಎಂಬುದು ಶಹಾಪುರ, ಸುರಪುರ ಸೀಮೆಯ ಹೊಲಗದ್ದೆಗಳಲ್ಲಿ ಹಿಂದಿನಿಂದ ಬಂದ ರೂಢಿ. ರೂಢಿ ಎಂಬ ಸಮಜಾಯಿಷಿಯನ್ನು ಕಾನೂನು ಒಪ್ಪುವುದಿಲ್ಲ. 1976ರ ಸಮಾನ ವೇತನ ಕಾಯ್ದೆ ಇದನ್ನು ನಿಷೇಧಿಸಿತ್ತು. ಅದರ ಸ್ಥಾನಕ್ಕೆ ಬಂದ 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಯಾಗಿದೆ.

ಉದ್ಯೋಗದ ಹಕ್ಕು ಎಂದೊಡನೆ ಈ ಭಾಗದ ಜನರಿಗೆ ನೆನಪಾಗುವುದು ಸಂವಿಧಾನದ 371(ಜೆ) ವಿಧಿ. ಅದರಡಿ 2013ರಲ್ಲಿ ಹೊರಟ ಆದೇಶವು ಸ್ಥಳೀಯರಿಗೆ 'ಸಿ' ದರ್ಜೆಯಲ್ಲಿ ಶೇ 80, 'ಡಿ' ದರ್ಜೆಯಲ್ಲಿ ಶೇ 85ರಷ್ಟು ಹುದ್ದೆ ಮೀಸಲಿಟ್ಟಿದೆ. ಆದರೆ ಅದು ಸರ್ಕಾರಿ ನೇಮಕಾತಿಗೆ ಸಂಬಂಧಿಸಿದ್ದು. ಖಾಸಗಿ ಜಿನ್ನಿಂಗ್ ಮಿಲ್ಲಿನ ಮಾಲೀಕರನ್ನು ಕಟ್ಟಿಹಾಕುವುದಿಲ್ಲ. ಖಾಸಗಿ ಉದ್ಯೋಗದ ಎಲ್ಲ ಬಗೆಯ ತಾರತಮ್ಯವನ್ನು ಒಟ್ಟಾಗಿ ತಡೆಯುವ ರಾಜ್ಯ ಕಾಯ್ದೆ ಕರ್ನಾಟಕದಲ್ಲಿಲ್ಲ. ಹೀಗಾಗಿ ಮಾಲೀಕರು ಬಿಡಿಬಿಡಿಯಾದ ಕೇಂದ್ರ ಕಾಯ್ದೆಗಳನ್ನೇ ಅರಿತಿರಬೇಕಾಗುತ್ತದೆ.

ಅವುಗಳಲ್ಲಿ ಮುಖ್ಯವಾದುದು ವೇತನ ಸಂಹಿತೆ. ಒಂದೇ ಅಥವಾ ಅದೇ ಸ್ವರೂಪದ ಕೆಲಸಕ್ಕೆ ಲಿಂಗದ ಆಧಾರದಲ್ಲಿ ಕೂಲಿ ಕಡಿಮೆ ಮಾಡುವಂತಿಲ್ಲ. ನೇಮಕದಲ್ಲಿಯೂ ಭೇದ ಸಲ್ಲದು. ಕೌಶಲ, ಶ್ರಮ, ಅನುಭವ, ಹೊಣೆಗಾರಿಕೆ ಒಂದೇ ಆಗಿದ್ದರೆ ಹುದ್ದೆಯ ಹೆಸರು ಬದಲಿಸಿ ಪಾರಾಗಲಾಗದು. ಇನ್ನೊಂದು ಉಪಾಯವನ್ನೂ ಸಂಹಿತೆ ಮೊದಲೇ ಊಹಿಸಿದಂತಿದೆ: ಸಮಾನತೆಯ ಹೆಸರಿನಲ್ಲಿ ಗಂಡಾಳಿನ ಕೂಲಿ ಇಳಿಸುವಂತಿಲ್ಲ, ಹೆಣ್ಣಾಳಿನ ಕೂಲಿಯನ್ನೇ ಏರಿಸಬೇಕು.

ಆಳುಗಳನ್ನು ತಂದವನು ಗುತ್ತಿಗೆದಾರ, ತಮಗೆ ಸಂಬಂಧವಿಲ್ಲ ಎಂಬ ವಾದವೂ ನಿಲ್ಲದು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಸಂಸ್ಥೆಯ ಮಾಲೀಕರೇ ಹೊಣೆ. ಐವರನ್ನು ಮೀರದಂತೆ ಆಳುಗಳನ್ನು ಇಟ್ಟುಕೊಂಡ ಕೃಷಿಕರಿಗೆ ದಾಖಲೆ ಪುಸ್ತಕ ಹಾಗೂ ವೇತನ ಚೀಟಿಯಿಂದ ವಿನಾಯಿತಿ ಉಂಟು. ಸಮಾನ ಕೂಲಿಯಿಂದ ಇಲ್ಲ. ಪರಿವೀಕ್ಷಕರು ಕೇಳಿದಾಗ ಕೂಲಿ ಕೊಟ್ಟ ಪುರಾವೆ ತೋರಿಸಬೇಕು.

ಸಲ್ಲಬೇಕಾದುದಕ್ಕಿಂತ ಕಡಿಮೆ ಕೊಟ್ಟರೆ 50 ಸಾವಿರ ರೂಪಾಯಿವರೆಗೆ ದಂಡ. ಐದು ವರ್ಷದೊಳಗೆ ತಪ್ಪು ಮರುಕಳಿಸಿದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಜಾತಿಯ ವಿಷಯದಲ್ಲಿ ಕಾನೂನು ಹಳೆಯದು. ಅಸ್ಪೃಶ್ಯತೆಯ ಕಾರಣಕ್ಕೆ ಕೆಲಸಕ್ಕೆ ಅಡ್ಡಿಪಡಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಒಂದರಿಂದ ಆರು ತಿಂಗಳ ಸೆರೆವಾಸ ಹಾಗೂ ದಂಡ ವಿಧಿಸಬಹುದು. ದಂಡ 500 ರೂಪಾಯಿ ದಾಟದು ಎಂಬುದು ಬೇರೆ ಮಾತು. ಅಂಗವಿಕಲರ ವಿಷಯದಲ್ಲಿ 2016ರ ಕಾಯ್ದೆಯಂತೆ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು.

ಕೂಲಿ ಕಡಿಮೆ ಪಡೆದವರು ಮೂರು ವರ್ಷದೊಳಗೆ ನಿಗದಿತ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಲು ಅವಕಾಶವಿದೆ. ಕೂಲಿ ಪೂರ್ತಿ ಕೊಟ್ಟಿದ್ದೇವೆಂದು ರುಜುವಾತುಪಡಿಸುವ ಭಾರ ಮಾಲೀಕರದೇ.